ಹಳೆ ಸ್ಪೋರ್ಟ್ಸ್ ಕಾರಿಗೆ ಹೊಸ ಪೆಟ್ರೋಲ್ ಪೈಪು: ಯಾವುದು ಹಾಕಿಸಬೇಕು?

ಹಳೆ ಗಾಡಿಯ ಪೆಟ್ರೋಲ್ ಪೈಪ್ ಬದಲಿಸಬೇಕು ಅಂತ ಹುಬ್ಬಳ್ಳಿಯಲ್ಲಿ ನಾಲ್ಕು ಗ್ಯಾರೇಜ್ ಸುತ್ತಿದರೆ ನಾಲ್ಕು ಉತ್ತರ ಸಿಗುತ್ತವೆ. ಒಬ್ಬರು ತಾಮ್ರ ಹಾಕಿಸಿ ಅಂತಾರೆ. ಇನ್ನೊಬ್ಬರು ಸ್ಟೇನ್‌ಲೆಸ್ ಸ್ಟೀಲ್ ಅಂತಾರೆ. ಮೂರನೆಯವರು "ಪೂರಾ ರಬ್ಬರ್ ಎಳದ್ ಬಿಡೂಣ್ರಿ ಸಾಹೇಬ್ರ, ಅರ್ಧ ದಿನದ ಕೆಲಸ" ಅಂತಾರೆ. ನಾಲ್ಕನೆಯವರು ಮೊಬೈಲ್ ತೆಗೆದು ಹೊಳೆಯುವ ಉಕ್ಕಿನ ಜಾಳಿಗೆ ಸುತ್ತಿದ ಪೈಪಿನ ಫೋಟೊ ತೋರಿಸುತ್ತಾರೆ. ಎಲ್ಲರ ಮಾತಲ್ಲೂ ಸ್ವಲ್ಪ ನಿಜ ಇದೆ. ಆದರೆ ನಿಮ್ಮ ಗಾಡಿಯ ಪಂಪ್ ಎಲ್ಲಿದೆ, ವರ್ಷದಲ್ಲಿ ಎಷ್ಟು ತಿಂಗಳು ನಿಂತಿರುತ್ತದೆ ಅಂತ ಯಾರೂ ಕೇಳೋದಿಲ್ಲ. ಆಯ್ಕೆ ನಿಂತಿರೋದೇ ಅದರ ಮೇಲೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗಾಡಿಯ ಹೊಟ್ಟೆಯಡಿ ಹೋಗುವ ಉದ್ದದ ಪೈಪಿಗೆ ಮೂರ್ನಾಲ್ಕು ಒಳ್ಳೆ ದಾರಿ ಇವೆ, ಜೇಬು ನೋಡಿ ಆರಿಸಬಹುದು. ಎರಡೂ ತುದಿಗೆ ಬರುವ ಗಿಡ್ಡ ರಬ್ಬರ್ ತುಂಡುಗಳಲ್ಲಿ, ಅಂದರೆ ಹೋಸಿನಲ್ಲಿ ಮಾತ್ರ ಚೌಕಾಸಿ ಬೇಡ. ಜನ ಮಾಡೋದು ಇದಕ್ಕೆ ಉಲ್ಟಾ. ಪೈಪಿಗೆ ದುಡ್ಡು ಸುರಿದು, ರಬ್ಬರನ್ನು ಅಂಗಡಿಯವನು ಕೊಟ್ಟದ್ದನ್ನೇ ಹಾಕಿಸಿಕೊಂಡು ಬರುತ್ತಾರೆ.

ಈಗ ಯಾಕೆ ಈ ತಲೆನೋವು?

ರಬ್ಬರಿಗೆ ವಯಸ್ಸಾಗುತ್ತದೆ, ಅದು ಮೊದಲಿಂದ ಇದ್ದದ್ದೇ. ಈಗ ಹೊಸದು ಅಂದರೆ ಪೆಟ್ರೋಲು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಇ20 ಪೆಟ್ರೋಲ್ ಬಿಡುಗಡೆಯಾಯಿತು. ಅಂದರೆ ನೂರು ಭಾಗದಲ್ಲಿ 20 ಭಾಗ ಎಥನಾಲ್. ಇವತ್ತು ಬಂಕಿನಲ್ಲಿ ಮಾಮೂಲಿ ಪೆಟ್ರೋಲ್ ಅಂದರೆ ಹೆಚ್ಚುಕಡಿಮೆ ಅದೇ. ಕಬ್ಬು, ಗೋವಿನಜೋಳ ಬೆಳೆಯುವ ನಮ್ಮ ಕಡೆಯ ರೈತರಿಗೆ ಅದರಿಂದ ಲಾಭ ಇರಬಹುದು. ಆದರೆ 1960, 70ರ ದಶಕದ ಹೋಸ್ ತಯಾರಿಸಿದವರು ಇಂಥ ಪೆಟ್ರೋಲನ್ನು ಕನಸಲ್ಲೂ ಕಂಡಿರಲಿಲ್ಲ.

ಎಥನಾಲ್ ಮೂರು ಕೆಲಸ ಮಾಡುತ್ತದೆ. ಹಳೆ ಜಾತಿಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಗಾಳಿಯಲ್ಲಿನ ನೀರಿನಂಶ ಹೀರಿಕೊಂಡು, ಗಾಡಿ ನಿಂತೇ ಇದ್ದರೆ ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿಸುತ್ತದೆ. ಟ್ಯಾಂಕಿನ ಒಳಗೆ ವರ್ಷಗಟ್ಟಲೆ ಅಂಟಿಕೊಂಡಿದ್ದ ಗಸಿಯನ್ನು ಕರಗಿಸಿ ಫಿಲ್ಟರಿಗೆ ತಂದು ಸುರಿಯುತ್ತದೆ.

ನಿಮ್ಮ ಹೋಸಿನ ಗತಿ ಏನಾಗಿದೆ ಅಂತ ನೋಡಬೇಕಾ? ಬಿಚ್ಚಿದ ತುಂಡನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಂಡ ಹೋಸಿನ ಒಳಗೋಡೆ ಎಷ್ಟೋ ಸಲ ಜಿಗುಟಾಗಿರುತ್ತದೆ. ಬೆರಳಾಡಿಸಿದರೆ ಕಾಡಿಗೆಯ ಹಾಗೆ ಕಪ್ಪು ಹತ್ತುತ್ತದೆ. ಆ ಕಪ್ಪೇ, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರಿನ ಸಣ್ಣ ತೂತಿನಲ್ಲಿ, ಅಂದರೆ ಜೆಟ್ಟಿನಲ್ಲಿ ಹೋಗಿ ಕೂರೋದು. ಬಿಚ್ಚದೇ ನೋಡಬೇಕಾದರೆ ಕ್ಲಿಪ್ಪಿನ ಪಕ್ಕ ಹೋಸನ್ನು ಬಗ್ಗಿಸಿ. ಸಣ್ಣ ಬಿರುಕು ಮೊದಲು ಬಾಯಿ ಬಿಡೋದು ಅಲ್ಲಿ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಮೊದಲನೆಯದು, ಪೆಟ್ರೋಲ್ ಎಳೆಯಲ್ಪಡುತ್ತದೋ, ತಳ್ಳಲ್ಪಡುತ್ತದೋ? ಟ್ರಯಂಫ್ ಕಂಪನಿಯ ಹೆರಾಲ್ಡ್, ಸ್ಪಿಟ್‌ಫೈರ್, ನಮ್ಮ ಪದ್ಮಿನಿ, ಇವುಗಳಲ್ಲಿ ಮೆಕ್ಯಾನಿಕಲ್ ಪಂಪು ಇಂಜಿನ್ ಮೇಲೆಯೇ ಕೂತಿರುತ್ತದೆ. ಟ್ಯಾಂಕಿನಿಂದ ಪಂಪಿನ ತನಕ ಎಲ್ಲ ಹೀರುವ ಕೆಲಸ. ಈ ಭಾಗದಲ್ಲಿ ಸಣ್ಣ ಬಿರುಕು ಬಿಟ್ಟರೆ ಒಂದು ಹನಿಯೂ ನೆಲಕ್ಕೆ ಬೀಳದೇ ಇರಬಹುದು. ಬದಲಿಗೆ ಗಾಳಿ ಒಳಗೆ ಹೋಗುತ್ತದೆ, ಗಾಡಿ ಏರಿನಲ್ಲಿ ಜಗ್ಗುತ್ತದೆ. ಮೆಕ್ಯಾನಿಕ್ ಪಂಪ್ ಬದಲಿಸುತ್ತಾನೆ, ಕಾರ್ಬೊರೇಟರ್ ಬಿಚ್ಚುತ್ತಾನೆ, ಪ್ಲಗ್ ಬದಲಿಸುತ್ತಾನೆ. ತೊಂದರೆ ಮಾತ್ರ ಹಾಗೇ ಇರುತ್ತದೆ. ಎಂಜಿಬಿ ಅನ್ನೋ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪ್ ಹಿಂದೆ ಟ್ಯಾಂಕಿನ ಹತ್ತಿರ ಇರುತ್ತದೆ. ಅಲ್ಲಿಂದ ಮುಂದಕ್ಕೆ ಇಡೀ ಪೈಪಿನಲ್ಲಿ ಒತ್ತಡ. ಅಲ್ಲಿ ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ಚಿಮ್ಮುತ್ತದೆ, ಕೆಳಗೆ ಸೈಲೆನ್ಸರ್ ಪೈಪ್ ಕಾದಿರುತ್ತದೆ.

ಎರಡನೆಯದು ಒತ್ತಡ ಎಷ್ಟು ಅನ್ನೋದು. ಕಾರ್ಬೊರೇಟರ್ ಗಾಡಿಗೆ 2ರಿಂದ 4 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ ಅನ್ನೋ ಲೆಕ್ಕ) ಅಷ್ಟೇ. ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ಇಂಜೆಕ್ಷನ್ ಗಾಡಿಯಲ್ಲಿ 40ರ ಆಸುಪಾಸು. ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಎರಡನೇ ಗುಂಪಿಗೆ ಸೇರುತ್ತದೆ, ಅದರಲ್ಲಿ ರೆನೋದ 1.2 ಲೀಟರ್ ಇಂಜೆಕ್ಷನ್ ಇಂಜಿನ್. ಹಳೆ ಪೋರ್ಷ್ 911ರಂಥ ಗಾಡಿಗಳಲ್ಲಿದ್ದ ಬಾಷ್ ಕೆ-ಜೆಟ್ರಾನಿಕ್ ಅನ್ನೋ ಇಂಜೆಕ್ಷನ್ ವ್ಯವಸ್ಥೆಯಲ್ಲಿ ಒತ್ತಡ 70ರ ಹತ್ತಿರ ಹೋಗುತ್ತದೆ. ಕಾರ್ಬೊರೇಟರಿಗೆ ನಡೆಯುವ ಹೋಸು ಇಲ್ಲಿ ನಡೆಯೋದಿಲ್ಲ.

ಮೂರನೆಯದು ನಮ್ಮ ಮಣ್ಣು. ಧಾರವಾಡ, ಗದಗ ಕಡೆಯ ಎರಿ ಮಣ್ಣು ಮಳೆಗಾಲದಲ್ಲಿ ಚಾಸಿಗೆ ಮೆತ್ತಿಕೊಂಡರೆ ಬೇಗ ಬಿಡೋದಿಲ್ಲ. ಪೈಪ್ ಹಿಡಿದ ಕ್ಲಿಪ್ಪಿನ ಹಿಂದೆ ಸೇರಿಕೊಂಡು ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಉಕ್ಕಿನ ಪೈಪ್ ತೂತು ಬೀಳೋದು ಬಹಳ ಸಲ ಆ ಕ್ಲಿಪ್ಪಿನ ಕೆಳಗೇ.

ನಾಲ್ಕನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಅರಬೈಲ್ ಘಾಟಿ ಹತ್ತುವಾಗ ಪೆಟ್ರೋಲ್ ಪೈಪಿನೊಳಗೇ ಕುದ್ದು ಆವಿಯಾದರೆ ಗಾಡಿ ನಿಂತುಬಿಡುತ್ತದೆ. ಅಂಬಾಸಿಡರ್ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದದ್ದು ಇದಕ್ಕೇ ಅಲ್ವಾ. ಹೀರುವ ಪೈಪಿನಲ್ಲಿ ಒತ್ತಡ ಕಮ್ಮಿ, ಹಾಗಾಗಿ ಪೆಟ್ರೋಲ್ ಇನ್ನೂ ಬೇಗ ಆವಿಯಾಗುತ್ತದೆ. ಲೋಹದ ಪೈಪು ಸೈಲೆನ್ಸರಿನ ಹತ್ತಿರ ಹಾದುಹೋದರೆ ಬೇಗ ಕಾಯುತ್ತದೆ. ನೈಲಾನ್, ರಬ್ಬರ್ ನಿಧಾನಕ್ಕೆ ಕಾಯುತ್ತವೆ, ಆದರೆ ಕಾದ ಮೇಲೆ ತಾಳೋದಿಲ್ಲ.

ಇದರ ಜೊತೆಗೆ ಕೆಲಸ ಮಾಡುವ ಕೈ. ಎಷ್ಟೇ ಒಳ್ಳೆ ಪೈಪ್ ತಂದರೂ ಅದನ್ನು ಬಗ್ಗಿಸಿ, ನಟ್ಟಿನಲ್ಲಿ ಕೂರುವಂತೆ ತುದಿ ಅರಳಿಸೋಕೆ ಬರದವರ ಕೈಗೆ ಕೊಟ್ಟರೆ ಸುಮ್ನೆ ದುಡ್ಡು ದಂಡ.

ರಬ್ಬರ್ ಹೋಸು: ಮೈಮೇಲಿನ ಅಚ್ಚು ಓದಿ

ಅಂಗಡಿಯಲ್ಲಿ "ಪೆಟ್ರೋಲ್ ಪೈಪ್ ಕೊಡ್ರಿ" ಅಂದರೆ ಸಿಗುವ ಕಪ್ಪು ಹೋಸಿನ ಮೇಲೆ ಎಷ್ಟೋ ಸಲ ಏನೂ ಬರೆದಿರೋದಿಲ್ಲ. ಅದನ್ನು ಮುಟ್ಟಬೇಡಿ. ಹುಬ್ಬಳ್ಳಿ ಲಾರಿಗಳ ಊರು, ಡೀಸೆಲ್ ಹೋಸು ಎಷ್ಟು ಬೇಕಾದರೂ ಸಿಗುತ್ತದೆ. ದಪ್ಪಗೆ ಗಟ್ಟಿಯಾಗಿ ಕಾಣುತ್ತದೆ ಕೂಡ. ಡೀಸೆಲ್ಲಿಗೆ ಅಂತ ಮಾಡಿದ ಹೋಸನ್ನು ಎಥನಾಲ್ ಬೆರೆತ ಪೆಟ್ರೋಲಿಗೆ ಹಾಕಿಸಬೇಡಿ.

ಸರಿಯಾದ ಹೋಸಿನ ಉದ್ದಕ್ಕೂ ಎಸ್‌ಎಇ ಜೆ30 (ಹೋಸಿನ ಗುಣಮಟ್ಟದ ಗುರುತು) ಅಂತ, ಅದರ ಮುಂದೆ ಆರ್6, ಆರ್7, ಆರ್9 ಅಂತ ಅಚ್ಚಾಗಿರುತ್ತದೆ. ಆರ್6, ಆರ್7 ಎರಡೂ ಕಾರ್ಬೊರೇಟರ್ ಗಾಡಿಗಳಿಗೆ, 50 ಪಿಎಸ್‌ಐ ತನಕ. ಒತ್ತಡದ ಲೆಕ್ಕದಲ್ಲಿ ಹೆರಾಲ್ಡಿಗೆ ಧಾರಾಳ ಸಾಕು. ಆದರೆ ಇವುಗಳ ಒಳಗೋಡೆ ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್. ಇ20 ಅದಕ್ಕೆ ಒಗ್ಗೋದಿಲ್ಲ. ಹಾಕಿಸಿದರೂ ಕೆಲವೇ ವರ್ಷದಲ್ಲಿ ಮತ್ತೆ ಬದಲಿಸುವ ಕೆಲಸ.

ಆರ್9ರ ಒಳಪದರ ವೈಟಾನ್ ಜಾತಿಯ ಫ್ಲೋರೋ ರಬ್ಬರಿನದು. 100 ಪಿಎಸ್‌ಐ ತಡೆಯುತ್ತದೆ, ಎಥನಾಲಿಗೂ ಜಗ್ಗೋದಿಲ್ಲ, ಬಿಸಿಯನ್ನೂ ಆರ್7ಕ್ಕಿಂತ ಚೆನ್ನಾಗಿ ತಾಳುತ್ತದೆ. ಇಂಜೆಕ್ಷನ್ ಗಾಡಿಗೆ ಅಂತಲೇ ಬಂದದ್ದು. ಕಾರ್ಬೊರೇಟರ್ ಗಾಡಿಗೂ ನಾನು ಹೇಳೋದು ಇದನ್ನೇ. ದುಬಾರಿ, ನಿಜ. ಆದರೆ ಇಡೀ ಗಾಡಿಗೆ ಬೇಕಾಗೋದು ಒಂದೂವರೆ, ಎರಡು ಮೀಟರ್ ಅಷ್ಟೇ. ಅಷ್ಟು ಉದ್ದಕ್ಕೆ ಆರ್7ಕ್ಕೂ ಆರ್9ಕ್ಕೂ ಇರುವ ಫರಕು ಒಂದು ಸಲ ಟ್ಯಾಂಕ್ ತುಂಬಿಸುವ ಖರ್ಚಿನ ಮುಂದೆ ದೊಡ್ಡದಲ್ಲ.

ಆರ್14 ಅಂತ ಇನ್ನೊಂದು ಇದೆ. ಅದರ ಗೋಡೆಯಿಂದ ಪೆಟ್ರೋಲ್ ಆವಿ ಜಿನುಗೋದು ಬಹಳ ಕಮ್ಮಿ. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರು, ಎಲ್ಲೂ ಸೋರದೇ ಇದ್ದರೂ ಪೆಟ್ರೋಲ್ ವಾಸನೆ ಬರುತ್ತದೆ ಅಂತ ಮನೆಯವರಿಂದ ಬೈಸಿಕೊಳ್ಳುವವರು ಇದನ್ನು ಹುಡುಕಬಹುದು. ಕಾರ್ಬೊರೇಟರ್ ಗಾಡಿಗೆ ಚೆನ್ನಾಗಿ ಸಾಕು. ಟ್ಯಾಂಕಿನ ಒಳಗೆ ಪೆಟ್ರೋಲಿನಲ್ಲೇ ಮುಳುಗಿರುವ ತುಂಡಿಗೆ ಮಾತ್ರ ಆರ್10 ಬೇಕು. ಆರ್9ರ ಹೊರ ಪದರ ಪೆಟ್ರೋಲಿನಲ್ಲಿ ಮುಳುಗಿರೋದಕ್ಕೆ ಮಾಡಿದ್ದಲ್ಲ.

ಇನ್ನು ಗಾಡಿ ಪೂರ್ತಿ ರಬ್ಬರ್ ಎಳೆಯುವ ವಿಚಾರ. ಬೇಡ. ಉದ್ದದ ರಬ್ಬರ್ ಜೋತು ಬೀಳುತ್ತದೆ, ಚಾಸಿಯ ಅಂಚಿಗೆ ಉಜ್ಜುತ್ತದೆ, ಕಲ್ಲು ಬಡಿದರೆ ಹರಿಯುತ್ತದೆ. ರಬ್ಬರ್ ಇರಬೇಕಾದದ್ದು ಅಲುಗಾಡುವ ಜಾಗದಲ್ಲಿ ಮಾತ್ರ. ಟ್ಯಾಂಕಿನ ಬಾಯಿ ಮತ್ತು ಪೈಪಿನ ನಡುವೆ, ಚಾಸಿ ಮತ್ತು ಇಂಜಿನ್ನಿನ ನಡುವೆ.

ಉದ್ದದ ಪೈಪು: ನಾಲ್ಕು ಲೋಹ, ಒಂದು ನೈಲಾನ್

ತಾಮ್ರದಿಂದ ಶುರು ಮಾಡೋಣ, ಯಾಕೆಂದರೆ ಕೈಗೆ ಸುಲಭವಾಗಿ ಸಿಗೋದು ಅದು. ಫ್ರಿಜ್, ಎಸಿ ರಿಪೇರಿ ಅಂಗಡಿಯಲ್ಲಿ ಸುರುಳಿಗಟ್ಟಲೆ ಇರುತ್ತದೆ. ಕೈಯಲ್ಲೇ ಬಗ್ಗುತ್ತದೆ, ನೋಡೋಕೂ ಚೆಂದ. ಆದರೆ ಇಂಜಿನ್ನಿನ ನಡುಕಕ್ಕೆ ತಾಮ್ರ ದಿನೇ ದಿನೇ ಗಡುಸಾಗುತ್ತ ಹೋಗಿ, ತುದಿಯ ಅರಳಿಸಿದ ಜಾಗದಲ್ಲಿ ಒಂದು ದಿನ ಬಿರುಕು ಬಿಡುತ್ತದೆ. ಜೊತೆಗೆ ತಾಮ್ರ ತಾಗಿದ ಪೆಟ್ರೋಲ್ ಬೇಗ ಕೆಟ್ಟು ಅಂಟಾಗುತ್ತದೆ. ಆಗಾಗ ಮಾತ್ರ ಓಡುವ ಗಾಡಿಗೆ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಯಾರು ಎಷ್ಟೇ ಹೇಳಲಿ, ತಾಮ್ರ ಬೇಡ.

ಉಕ್ಕಿನ ಪೈಪು ಬಹುತೇಕ ಹಳೆ ಗಾಡಿಗಳಿಗೆ ಕಂಪನಿಯಿಂದಲೇ ಬಂದದ್ದು. ಎರಡು ಪದರ ಸುತ್ತಿ ಬೆಸೆದ ಬಂಡಿ ಪೈಪ್. ಬ್ರೇಕ್ ಪೈಪಿಗೂ ಇದನ್ನೇ ಹಾಕುತ್ತಾರೆ. ಹಾಗಾಗಿ ಬ್ರೇಕ್ ಕೆಲಸ ಮಾಡುವ ಯಾವ ಗ್ಯಾರೇಜಿನಲ್ಲೂ ಬಗ್ಗಿಸುವ, ಅರಳಿಸುವ ಸಾಮಾನು ಇರುತ್ತದೆ. ಎಲ್ಲಕ್ಕಿಂತ ಅಗ್ಗ. ಕಲ್ಲಿನ ಏಟು ತಡೆಯುತ್ತದೆ. ಇದರ ಶತ್ರು ತುಕ್ಕು, ಅದೂ ಎರಡು ಕಡೆಯಿಂದ. ಹೊರಗೆ ಎರಿ ಮಣ್ಣು, ಒಳಗೆ ನಿಂತ ಪೆಟ್ರೋಲಿನ ನೀರು. ಮೇಲೆ ಪ್ಲಾಸ್ಟಿಕ್ ಲೇಪನ ಇರುವ ಪೈಪ್ ಸಿಕ್ಕರೆ ಹೊರಗಿನ ಚಿಂತೆ ಅರ್ಧ ಕಮ್ಮಿ. ವಾರಕ್ಕೊಮ್ಮೆಯಾದರೂ ಓಡುವ ಗಾಡಿಗೆ ಉಕ್ಕು ಇಂದಿಗೂ ಒಳ್ಳೆ ಆಯ್ಕೆ. ಆರು ತಿಂಗಳು ಹೊದಿಕೆ ಹೊದ್ದು ನಿಲ್ಲುವ ಗಾಡಿಗೆ ಅಲ್ಲ.

ಕ್ಯುಪ್ರೊನಿಕಲ್ ಅಂದರೆ ಸುಮಾರು 90 ಭಾಗ ತಾಮ್ರ, 10 ಭಾಗ ನಿಕಲ್. ಬಗ್ಗೋದರಲ್ಲಿ ತಾಮ್ರದ ಸುಖ, ನಡುಕ ತಾಳೋದರಲ್ಲಿ ತಾಮ್ರಕ್ಕಿಂತ ಬಹಳ ಮೇಲು. ತುಕ್ಕು ಹಿಡಿಯೋದಿಲ್ಲ. ವೋಲ್ವೋ 1976ರಿಂದಲೇ ಬ್ರೇಕ್ ಪೈಪಿಗೆ ಇದನ್ನು ಹಾಕಿತು. ಬ್ರೇಕಿಗೆ ನಂಬಿದ್ದನ್ನು ಪೆಟ್ರೋಲಿಗೆ ನಂಬಬಹುದು. ಸಾಮಾನ್ಯ ಉಪಕರಣದಲ್ಲೇ ತುದಿ ನೀಟಾಗಿ ಅರಳುತ್ತದೆ, ತಪ್ಪಿದರೆ ಕತ್ತರಿಸಿ ಮತ್ತೆ ಮಾಡಬಹುದು. ಹಳೆ ಪೈಪನ್ನು ನೆಲದ ಮೇಲಿಟ್ಟು ಅದರ ಪಕ್ಕ ಹೊಸದನ್ನು ಕೈಯಲ್ಲೇ ಬಗ್ಗಿಸಿಕೊಂಡು ಹೋಗಬಹುದು. ಎರಡು ತೊಂದರೆ. ಒಂದು, ಉಕ್ಕಿಗಿಂತ ಸಾಕಷ್ಟು ದುಬಾರಿ, ಮತ್ತು ಹುಬ್ಬಳ್ಳಿಯ ಕೌಂಟರಿನಲ್ಲಿ ಕೇಳಿದ ಕೂಡಲೇ ಸಿಗೋದು ಕಷ್ಟ, ತರಿಸಿಕೊಳ್ಳಬೇಕು. ಎರಡು, ಇದರಲ್ಲೂ ತಾಮ್ರವೇ ಜಾಸ್ತಿ. ತಿಂಗಳುಗಟ್ಟಲೆ ನಿಲ್ಲಿಸುವಾಗ ಪೈಪಿನಲ್ಲಿರುವ ಪೆಟ್ರೋಲ್ ಖಾಲಿ ಮಾಡೋದು ಒಳ್ಳೇದು. ತರಿಸಿದ್ದು ನಿಜಕ್ಕೂ ಕ್ಯುಪ್ರೊನಿಕಲ್ಲೋ ಬರೀ ತಾಮ್ರವೋ ಅಂತ ಬಣ್ಣ ನೋಡಿ. ತಾಮ್ರ ಕೆಂಪು, ಇದು ಸ್ವಲ್ಪ ಬಿಳಚಿದ ಕಂದು.

ಸ್ಟೇನ್‌ಲೆಸ್ ಪೈಪ್ ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ. ಆದರೆ ಬಗ್ಗಿಸಿದರೆ ಸ್ಪ್ರಿಂಗಿನಂತೆ ವಾಪಸ್ ಬರುತ್ತದೆ. ತುದಿ ಅರಳಿಸುವಾಗ ಬಿರುಕು ಬಿಡುತ್ತದೆ. ಹೇಗೋ ಅರಳಿಸಿದರೂ ಲೋಹ ಗಡುಸಾದ್ದರಿಂದ ನಟ್ಟಿನಲ್ಲಿ ಸರಿಯಾಗಿ ಕೂರದೆ ಜಿನುಗುತ್ತದೆ. ಮಾಮೂಲಿ ಗ್ಯಾರೇಜಿನ ಸಾಮಾನಿನಿಂದ ಆಗುವ ಕೆಲಸ ಅಲ್ಲ. ಗೋಕುಲ ರಸ್ತೆ, ತಾರಿಹಾಳ ಕೈಗಾರಿಕಾ ಪ್ರದೇಶದ ಕಡೆ ಹೈಡ್ರಾಲಿಕ್ ಪೈಪಿನ ಕೆಲಸ ಗೊತ್ತಿರುವವರು ಪರಿಚಯ ಇದ್ದರೆ ಮಾತ್ರ ಯೋಚಿಸಿ. ಅಲ್ಯೂಮಿನಿಯಂ ಬಗ್ಗೆ ಒಂದೇ ಮಾತು: ನೀರು ಬೆರೆತ ಎಥನಾಲ್ ಅದನ್ನು ತಿನ್ನುತ್ತದೆ.

ನೈಲಾನ್ ಪೈಪನ್ನು ಜನ ಅನುಮಾನದಿಂದ ನೋಡುತ್ತಾರೆ. ಇಂದಿನ ಕಾರುಗಳಲ್ಲಿ ಬಹುಪಾಲು ಪೆಟ್ರೋಲ್ ಓಡೋದು ಅದರಲ್ಲೇ. ತುಕ್ಕಿಲ್ಲ, ಹಗುರ, ಮಣ್ಣಿಗೆ ಕ್ಯಾರೇ ಅನ್ನೋದಿಲ್ಲ. ಆದರೆ ಪೆಟ್ರೋಲಿಗೆ ಅಂತಲೇ ಮಾಡಿದ ಪಿಎ11 ಅಥವಾ ಪಿಎ12 ಜಾತಿಯ ನೈಲಾನ್ ಪೈಪ್ ಬೇಕು. ಲಾರಿ, ಬಸ್ಸಿನ ಏರ್ ಬ್ರೇಕಿಗೆ ಸಿಗುವ ನೈಲಾನ್ ಪೈಪ್ ನೋಡೋಕೆ ಹಾಗೇ ಇರುತ್ತದೆ. ಅದು ಗಾಳಿಗೆ, ಪೆಟ್ರೋಲಿಗಲ್ಲ. ನೈಲಾನಿಗೆ ಸೈಲೆನ್ಸರಿನ ಬಿಸಿ ತಾಗಬಾರದು, ಬಗ್ಗಿಸುವಾಗ ಮಡಚಬಾರದು. ಇಂಜಿನ್ನಿನ ಹತ್ತಿರ ಅದನ್ನು ತರಬೇಡಿ.

ಜಾಳಿಗೆ ಸುತ್ತಿದ ಹೊಳೆಯುವ ಪೈಪು

ಇದರಲ್ಲಿ ಎರಡು ಜಾತಿ, ಹೊರಗಿನಿಂದ ಒಂದೇ ತರ. ಒಂದರ ಒಳಗೆ ಮಾಮೂಲಿ ರಬ್ಬರ್. ಇದು ಎಲ್ಲಕ್ಕಿಂತ ಅಪಾಯ. ರಬ್ಬರ್ ಬಿರುಕು ಬಿಟ್ಟರೂ ಜಾಳಿಗೆ ಮುಚ್ಚಿಟ್ಟುಕೊಂಡಿರುತ್ತದೆ, ನಿಮಗೆ ಕಾಣೋದೇ ಇಲ್ಲ.

ಇನ್ನೊಂದರ ಒಳಗೆ ಪಿಟಿಎಫ್ಇ, ಅಂದರೆ ಟೆಫ್ಲಾನ್. ಪೆಟ್ರೋಲು, ಎಥನಾಲು ಯಾವುದಕ್ಕೂ ಜಗ್ಗದ ವಸ್ತು. ಒತ್ತಡ ಎಷ್ಟಾದರೂ ಸರಿ. ಆದರೆ ವೇಗವಾಗಿ ಹರಿಯುವ ಪೆಟ್ರೋಲ್ ಟೆಫ್ಲಾನಿನಲ್ಲಿ ಸ್ಥಿರ ವಿದ್ಯುತ್ ಕೂಡಿಸುತ್ತದೆ. ಅದು ಕಿಡಿಯಾಗಿ ಹಾರಿ ಗೋಡೆಯಲ್ಲಿ ಸೂಜಿ ತೂತು ಮಾಡಬಲ್ಲದು. ಅದಕ್ಕೇ ಒಳಗೋಡೆಗೆ ಇಂಗಾಲ ಬೆರೆಸಿ ಕಪ್ಪು ಮಾಡಿದ ಪೈಪ್ ಬರುತ್ತದೆ. ಪೆಟ್ರೋಲಿಗೆ ಆ ಕಪ್ಪು ಒಳಗೋಡೆಯದೇ ಬೇಕು, ಬಿಳಿಯದಲ್ಲ. ಇದಕ್ಕೆ ಎಎನ್ ಫಿಟಿಂಗ್ ಅನ್ನೋ ತಿರುಪಿನ ಜೋಡಣೆ ಬೇಕು, ಪೈಪಿಗಿಂತ ಅದರ ಬೆಲೆಯೇ ಜಾಸ್ತಿ. ಉಕ್ಕಿನ ಜಾಳಿಗೆ ತಾಗಿದ್ದನ್ನೆಲ್ಲ ಅರದಂತೆ ಉಜ್ಜುತ್ತದೆ, ವೈರನ್ನೂ ಬಿಡೋದಿಲ್ಲ. ಕಾರ್ಬೊರೇಟರ್ ಗಾಡಿಗೆ 3 ಪಿಎಸ್‌ಐಗಾಗಿ ಇಷ್ಟು ಖರ್ಚು ಮಾಡೋದು ಶೋಕಿ. ಶೋಕಿ ತಪ್ಪಲ್ಲ, ಆದರೆ ಅದನ್ನು ಸುರಕ್ಷತೆ ಅಂತ ಕರೆಯಬೇಡಿ.

ಅಳತೆ, ಕ್ಲಿಪ್ಪು

ಇಲ್ಲಿ ಬಹಳ ಕೆಲಸ ಕೆಡುತ್ತದೆ. ಬ್ರಿಟಿಷ್ ಮೂಲದ ಗಾಡಿಗಳ ಪೈಪು ಇಂಚಿನ ಲೆಕ್ಕ, ನಮ್ಮ ಅಂಗಡಿಯ ಹೋಸು ಮಿಲಿಮೀಟರ್. 5/16 ಇಂಚು ಅಂದರೆ 7.94 ಮಿಮೀ, ಹಾಗಾಗಿ 8 ಮಿಮೀ ಹೋಸು ಕೂರುತ್ತದೆ. 1/4 ಇಂಚು ಅಂದರೆ 6.35 ಮಿಮೀ. ಅದಕ್ಕಾಗಿ ಮಾಡಿದ ಹೋಸನ್ನು 6 ಮಿಮೀ ಪೈಪಿಗೆ ಹಾಕಿ ಕ್ಲಿಪ್ ಎಷ್ಟು ಬಿಗಿದರೂ ಜಿನುಗುತ್ತದೆ. ಕೊಳ್ಳುವ ಮೊದಲು ವರ್ನಿಯರ್ ಹಿಡಿದು ಅಳೆಯಿರಿ.

ಲೋಹದ ಪೈಪಿನ ತುದಿಯಲ್ಲಿ ಹೋಸು ಜಾರದಂತೆ ಒಂದು ಉಬ್ಬು ಇರಲೇಬೇಕು. ಕ್ಲಿಪ್ಪು ಆ ಉಬ್ಬಿನ ಹಿಂದೆ ಕೂರಬೇಕು. ತೂತು ಕೊರೆದ ಪಟ್ಟಿಯ ಮಾಮೂಲಿ ಸ್ಕ್ರೂ ಕ್ಲಿಪ್ಪು ರಬ್ಬರನ್ನು ಕಚ್ಚಿ ಕತ್ತರಿಸುತ್ತದೆ. ಅಂಚು ಮಡಚಿದ, ಒಳಮೈ ನುಣುಪಾಗಿರುವ ಫ್ಯೂಯಲ್ ಇಂಜೆಕ್ಷನ್ ಕ್ಲಿಪ್ಪು ತನ್ನಿ. ಗಾಜಿನ ಫಿಲ್ಟರ್ ಚೆಂದ ಕಾಣುತ್ತದೆ ಅಂತ ಇಂಜಿನ್ ಮೇಲೆ ಹಾಕಿಸುವವರಿದ್ದಾರೆ. ಒಡೆದರೆ ಪೆಟ್ರೋಲ್ ಬೀಳೋದು ಕಾದ ಮ್ಯಾನಿಫೋಲ್ಡ್ ಮೇಲೆ. ಬೇಡ.

ಹಾಗಾದರೆ ಯಾರಿಗೆ ಯಾವುದು?

ಭಾನುವಾರ ಉಣಕಲ್ ಕೆರೆ ತನಕ, ಚಳಿಗಾಲದಲ್ಲಿ ಲಕ್ಕುಂಡಿ ತನಕ ಹೋಗಿಬರುವ ಹೆರಾಲ್ಡ್, ಸ್ಪಿಟ್‌ಫೈರ್ ಇದ್ದರೆ ಕ್ಯುಪ್ರೊನಿಕಲ್ ಪೈಪ್ ಮತ್ತು ಆರ್9 ಹೋಸು. ಸ್ಪಿಟ್‌ಫೈರಿನ ಚಾಸಿ ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ ಬಂದದ್ದು.

ದಿನಾ ಓಡಿಸುವ ಗಾಡಿ, ಬಜೆಟ್ ಬಿಗಿ ಅಂದರೆ ಲೇಪನ ಇರುವ ಉಕ್ಕಿನ ಪೈಪು, ಆರ್9 ಹೋಸು. ಪೈಪಿನಲ್ಲಿ ಉಳಿಸಿ, ಹೋಸಿನಲ್ಲಿ ಬೇಡ. ಅದಕ್ಕೂ ಈ ತಿಂಗಳು ಆಗೋದಿಲ್ಲ ಅಂದರೆ ಹೋಸು, ಕ್ಲಿಪ್ಪು ಈಗಲೇ ಬದಲಿಸಿ. ಉದ್ದದ ಪೈಪನ್ನು ಬಿಚ್ಚಿ ನೋಡಿ, ತುಕ್ಕು ಇಲ್ಲದಿದ್ದರೆ ಮುಂದಿನ ಮಳೆಗಾಲದ ಒಳಗೆ ಮಾಡಿಸಿ.

ಎಂಜಿಬಿ ಇದ್ದವರು ಪಂಪಿನಿಂದ ಮುಂದಿನ ಒಂದೊಂದು ಜೋಡಣೆಯನ್ನೂ ನೋಡಬೇಕು. ಅಲ್ಲಿ ಉಕ್ಕಿಗಿಂತ ಕ್ಯುಪ್ರೊನಿಕಲ್ಲಿಗೇ ನನ್ನ ಓಟು. ಸ್ಯಾನ್ ಸ್ಟಾರ್ಮಿನಂಥ ಇಂಜೆಕ್ಷನ್ ಗಾಡಿಗೆ ಆರ್9 ಕಡ್ಡಾಯ, ಉದ್ದದ ಪೈಪು ಕಂಪನಿ ಕೊಟ್ಟ ಮಾದರಿಯದೇ ಇರಲಿ. ರೇಸಿನ ಹುಚ್ಚಿದ್ದು ದೊಡ್ಡ ಇಂಜಿನ್ ಕೂರಿಸಿದವರಿಗೆ ಮಾತ್ರ ಕಪ್ಪು ಒಳಗೋಡೆಯ ಟೆಫ್ಲಾನ್ ಪೈಪ್ ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ. ಪ್ರದರ್ಶನಕ್ಕೆ ಅಂತ ಮೂಲ ರೂಪದಲ್ಲೇ ಇಡುವವರು ಉಕ್ಕನ್ನೇ ಹಾಕಿಸಿ, ಆದರೆ ಪೆಟ್ರೋಲ್ ತುಂಬಿಸಿ ನಿಲ್ಲಿಸಬೇಡಿ.

ಕೆಲಸದ ದಿನ ಮೊದಲು ಬ್ಯಾಟರಿ ಬಿಚ್ಚಿಸಿ. ಪಕ್ಕದಲ್ಲಿ ವೆಲ್ಡಿಂಗ್ ನಡೆಯುತ್ತಿದ್ದರೆ ನಿಲ್ಲಿಸುವ ತನಕ ಟ್ಯಾಂಕ್ ಮುಟ್ಟಲು ಬಿಡಬೇಡಿ. ಬೀಡಿ ಹಚ್ಚಿದವರನ್ನು ಹೊರಗೆ ಕಳಿಸಿ. ಬೆಂಕಿ ಆರಿಸುವ ಒಂದು ಡ್ರೈ ಪೌಡರ್ ಸಿಲಿಂಡರ್ ಕೈಗೆ ಸಿಗುವ ಹಾಗೆ ಇರಲಿ. ಪಂಪಿನ ಡಯಾಫ್ರಾಮ್ ಕೂಡ ಹಳೆ ರಬ್ಬರೇ ಆಗಿದ್ದರೆ ಅದನ್ನೂ ಅದೇ ದಿನ ಬದಲಿಸಿ, ಹೇಗೂ ಬಿಚ್ಚಿರುತ್ತೀರಿ.

ಗಾಡಿ ಚಾಲೂ ಮಾಡಿದ ಮೇಲೆ ಹತ್ತು ನಿಮಿಷ ಹಾಗೇ ಓಡಲು ಬಿಟ್ಟು, ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಕಾಗದ ಹಿಡಿದು ನೋಡಿ. ಮಾರನೇ ದಿನ ತಣ್ಣಗಾದ ಮೇಲೆ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿ ನೋಡಿ, ಹೊಸ ರಬ್ಬರ್ ಸ್ವಲ್ಪ ಕೂತಿರುತ್ತದೆ. ಟ್ಯಾಂಕಿನ ಗಸಿ ಕರಗಿ ಬರೋದು ಇನ್ನೂ ಕೆಲವು ವಾರ ನಡೆಯುತ್ತದೆ. ಒಂದೆರಡು ಫಿಲ್ಟರ್ ಜಾಸ್ತಿ ತಂದು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ, ಜೊತೆಗೆ ಒಂದು ಸ್ಕ್ರೂಡ್ರೈವರ್.